ಐವತ್ನಾಲ್ಕು ಮೆಟ್ಟಿಲು ಇಳಿದ ಭೀಮಬಾಯಿ

ಭೀಮಬಾಯಿ ನಮ್ಮ ಕಟ್ಟಡಕ್ಕೆ ಬಂದದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾಲ್ಕು ಜನರ ಕೈಮೇಲೆ. ಕಮಲಾಪುರದ ಬಾಳೆ ತೋಟದಲ್ಲಿ ಕಾಲುವೆ ದಾಟುವಾಗ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಕಲಬುರಗಿಯಲ್ಲಿ ಆಪರೇಶನ್ ಆಯಿತು. ಮಗಳು ಪಂಚಶೀಲಾ ಇಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಕ್ಲರ್ಕ್. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಕಿರಾಯಿ ಮನೆ, ಲಿಫ್ಟ್ ಇಲ್ಲ. ಹೊತ್ತುಕೊಂಡು ಹೋಗುವಾಗ ಮೊದಲ ಮಹಡಿಯ ಬಾಗಿಲಲ್ಲಿ ನಿಂತು ನೋಡಿದವಳು ನಾನು. ನಾನೂ ಇಲ್ಲಿ ಕಿರಾಯಿದವಳೇ.

ಆಮೇಲೆ ಏಳು ತಿಂಗಳು ಆಕೆಯನ್ನು ಯಾರೂ ಕೆಳಗೆ ಕಾಣಲಿಲ್ಲ.

ಎಲುಬು ಕೂಡಿದೆ, ಇನ್ನು ನಡೆಯಬೇಕು ಎಂದು ಡಾಕ್ಟರು ಮೂರನೇ ತಿಂಗಳಿಗೇ ಹೇಳಿದ್ದರಂತೆ. ಆದರೆ ಭೀಮಬಾಯಿಗೆ ಅಂಜಿಕೆ. ಮೂವತ್ತೈದು ವರ್ಷ ಕೆಂಪು ಬಾಳೆಯ ಗೊನೆ ಹೊತ್ತ ಹೆಣ್ಣುಮಗಳು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಟಿವಿ ಮುಂದಕ್ಕೆ ಅಂತ ಗೋಡೆ ಹಿಡಿದು ಓಡಾಡಿಕೊಂಡು ಉಳಿದಳು. ಮಗಳು ಮುಂಜಾನೆ ಓಡುತ್ತ ಕಚೇರಿಗೆ ಹೋದರೆ ಬರುವುದು ಸಂಜೆ. ನಡುವೆ ಚಹಾ, ಬಿಸ್ಕೀಟು, ತಣ್ಣನೆಯ ಅನ್ನ. ಮೈ ಭಾರವಾಯಿತು, ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿಗೆ ಕಮಲಾಪುರದಲ್ಲಿ ಆಕೆ ಒಂದು ವರ್ಷವೂ ತಪ್ಪಿಸಿದವಳಲ್ಲ. ಆ ಸಲ ಮೆರವಣಿಗೆಯನ್ನು ಫೋನಿನಲ್ಲಿ ನೋಡಿ ಫೋನನ್ನು ದಿಂಬಿನ ಕೆಳಗಿಟ್ಟು ಮಲಗಿಬಿಟ್ಟಳು ಎಂದು ಪಂಚಶೀಲಾ ನನ್ನ ಹತ್ತಿರ ಹೇಳಿಕೊಂಡಿದ್ದಳು.

ಎಲ್ಲ ಬದಲಾದದ್ದು ಒಂದು ಕಟ್ಟು ಪುಂಡಿಪಲ್ಯದಿಂದ.

ದಸರೆಯ ಮುಂಚಿನ ದಿನಗಳು. ಕಾಯಿಪಲ್ಯ ಮಾರುವ ಬಂಡೆಮ್ಮ ಕೆಳಗೆ ಕೂಗಿದಳು. ಭೀಮಬಾಯಿ ಗ್ಯಾಲರಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟಳು. ಮೇಲೆ ಬಂದ ಪುಂಡಿ ಬಾಡಿತ್ತು, ಎಲೆಯಲ್ಲಿ ತೂತು. ಕೆಳಗೆ ನಿಂತಿದ್ದ ಹೆಂಗಸರ ಕೈಯಲ್ಲಿ ಮಾತ್ರ ಹಸಿಹಸಿ ಎಳೆ ಪುಂಡಿ. ಹುಟ್ಟಿದಾಗಿಂದ ಸೊಪ್ಪು ಸದೆ ನೋಡಿಕೊಂಡೇ ಬೆಳೆದವಳಿಗೆ ತಡೆಯಲಾಗಲಿಲ್ಲ. ಮೇಲಿಂದ ಒದರುವುದು ಆಕೆಗೆ ಸರಿ ಕಾಣಲಿಲ್ಲ. ಸೊಪ್ಪಿನ ಕಟ್ಟು ಸೆರಗಿಗೆ ಸಿಕ್ಕಿಸಿಕೊಂಡು, ಬಾಗಿಲು ಮುಂದಕ್ಕೆಳೆದು, ಕಟಾಂಜನ ಹಿಡಿದು ಇಳಿಯತೊಡಗಿದಳು.

ಹದಿನೆಂಟು ಮೆಟ್ಟಿಲು ಇಳಿದಳು. ಎರಡನೇ ಮಹಡಿಗೆ ಬರುವಷ್ಟರಲ್ಲಿ ತೊಡೆ ಗಡಗಡ ನಡುಗಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಬಂಡೆಮ್ಮ ಮುಂದಿನ ಓಣಿಗೆ ಹೋಗಿಯಾಗಿತ್ತು.

ಆ ಮಹಡಿಯ ಮಲಂಗಸಾಬರು ಸದ್ದು ಕೇಳಿ ಬಾಗಿಲು ತೆಗೆದರು. ಹುಮನಾಬಾದ್ ಲೈನಿನಲ್ಲಿ ಬಸ್ ಓಡಿಸಿ ರಿಟೈರ್ ಆದವರು. ಹೆಂಡತಿ ತೀರಿಹೋಗಿದ್ದಳು, ಅವರಿಗೂ ಸಕ್ಕರೆ, ಅವರೂ ದಿನವಿಡೀ ಒಳಗೇ. ನೀರು ಕೊಟ್ಟು ಕುರ್ಚಿ ತಂದಿಟ್ಟರು. ಬಂಡೆಮ್ಮನನ್ನು ನಾಳೆ ನಾನೇ ವಿಚಾರಿಸುತ್ತೇನೆ ಎಂದರು. ಭೀಮಬಾಯಿ ಬೇಡ ಎಂದಳು.

"ಮ್ಯಾಲ ಇದ್ದೋರಿಗಿ ಬಾಡಿದ್ದು, ಕೆಳಗ ಬಂದೋರಿಗಿ ಎಳೀದು. ತಪ್ಪು ಆಕೀದಲ್ರಿ ಸಾಬ್ರ, ಇಳೀಲಾರದೆ ಕುಂತ ನಂದು."

ಮಲಂಗಸಾಬರು ನಕ್ಕು, ಇವತ್ತು ಇಲ್ಲಿವರೆಗೆ ಬಂದಿರಿ, ಇದು ಮೊದಲ ಸ್ಟಾಪ್ ಅಂದುಕೊಳ್ಳಿರಿ ಎಂದರು. ಕುರ್ಚಿಯನ್ನು ಒಳಗೆ ಒಯ್ಯಲೇ ಇಲ್ಲ, ಅಲ್ಲೇ ಬಿಟ್ಟರು.

ಸಂಜೆ ಪಂಚಶೀಲಾ ವಿಷಯ ತಿಳಿದು ಹೌಹಾರಿದಳು. ಆದರೂ ಮರುದಿನವೇ ರಜೆ ಹಾಕಿ ಡಾಕ್ಟರನ್ನು ಕಂಡು ಬಂದಳು. ಅವರು ಬೈಯುವ ಬದಲು ಖುಷಿಪಟ್ಟರಂತೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು, ಕೈ ಯಾವಾಗಲೂ ಕಟಾಂಜನದ ಮೇಲೆ. ಇಷ್ಟೇ ಪಾಠ. ಭೀಮಬಾಯಿ ಅದನ್ನು ಬಾಯಲ್ಲಿ ಗುನುಗಿಕೊಂಡೇ ಇಳಿಯುತ್ತಿದ್ದಳು. ಮೊದಲ ವಾರ ಮಲಂಗಸಾಬರ ಕುರ್ಚಿವರೆಗೆ. ಆಮೇಲೆ ದಿನಕ್ಕೆ ಮೂರೋ ನಾಲ್ಕೋ ಮೆಟ್ಟಿಲು ಹೆಚ್ಚು. ಒಂದು ದಿನ ನನ್ನ ಬಾಗಿಲು ಬಡಿದು, ಬೆವರು ಒರೆಸಿಕೊಳ್ಳುತ್ತ, "ಅಂಬಿಕಾ, ನಿನ್ನ ಮನೀತನ ಬಂದೀನಿ ನೋಡವ್ವ" ಎಂದಳು. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಜ್ಜಿಗೆ ಕುಡಿದೆವು.

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಆಕೆ ಐವತ್ನಾಲ್ಕನೇ ಮೆಟ್ಟಿಲೂ ಇಳಿದು ನೆಲದ ಮೇಲೆ ನಿಂತಳು. ಬಂಡೆಮ್ಮನ ಬುಟ್ಟಿಯ ಮುಂದೆ ಕುಕ್ಕರಿಸಲು ಬರದೆ, ನಿಂತೇ ಒಂದೊಂದು ಕಟ್ಟನ್ನೂ ಎತ್ತಿ ಎಲೆ ಉಜ್ಜಿ ಮೂಸಿ ನೋಡಿ ತನಗೆ ಬೇಕಾದ್ದನ್ನು ಆರಿಸಿಕೊಂಡಳು. ಆವತ್ತು ಆಕೆ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿದ ಸದ್ದು ನಮ್ಮ ಮನೆವರೆಗೂ ಕೇಳಿತು. ಅಂದಿನಿಂದ ಆ ಮನೆಯಲ್ಲಿ ಬಿಸ್ಕೀಟಿನ ಡಬ್ಬಿ ಖಾಲಿಯೇ ಉಳಿಯಿತು. ಪಂಚಶೀಲಾಳ ಊಟದ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಮೊಳಕೆ ಹೆಸರು. ವರ್ಷಗಟ್ಟಲೆ ಕಚೇರಿ ಕ್ಯಾಂಟೀನಿನಲ್ಲಿ ಉಂಡಿದ್ದ ಆಕೆಯ ಎದೆಯುರಿಯೂ ಹೋಯಿತು.

ಇಳಿದದ್ದಾಯಿತು, ಆದರೆ ನಡೆಯುವುದೆಲ್ಲಿ? ನಮ್ಮ ಓಣಿಯಲ್ಲಿ ಬೈಕು, ಆಟೋ, ನಾಯಿ. ಕಟ್ಟಡದ ಮೇಲೆ ವಿಶಾಲ ಬಯಲು ಮಾಳಿಗೆಯಿತ್ತು, ಆದರೆ ಬೀಗ. ಹಿಂದೆ ಯಾರೋ ಕಿರಾಯಿದಾರರು ಅಲ್ಲಿ ಹೊಲಸು ಮಾಡಿದರೆಂದು ಮಾಲಕ ದತ್ತಪ್ಪನವರು ಹಾಕಿದ್ದು. ನಾವು ಹನ್ನೆರಡು ಮನೆಯವರು ಒಳಗೊಳಗೇ ಗೊಣಗಿದ್ದೇ ಬಂತು, ಒಬ್ಬರೂ ಹೋಗಿ ಕೇಳಿರಲಿಲ್ಲ.

ಭೀಮಬಾಯಿ ಕೇಳಿದಳು. ಎರಡು ಓಣಿ ಆಚೆ ಇದ್ದ ಅವರ ಮನೆಗೆ ಮಲಂಗಸಾಬರನ್ನೂ ನನ್ನನ್ನೂ ಕರೆದುಕೊಂಡು ನಡೆದೇ ಹೋದಳು. ದತ್ತಪ್ಪನವರು ಕೆಟ್ಟವರಲ್ಲ. ಚಹಾ ತರಿಸಿದರು, ಆದರೆ ಕೀಲಿಯ ಮಾತಿಗೆ ತಲೆಯಾಡಿಸಿದರು. ಯಾರಾದರೂ ಬಿದ್ದರೆ, ನೀರು ಸೋರಿದರೆ ಯಾರು ಜವಾಬ್ದಾರರು ಎಂದರು. ಕಿರಾಯಿ ಮನೆಯಲ್ಲಿ ಎಲ್ಲವೂ ಬೇಕೆಂದರೆ ಹೇಗೆ ಎಂದೂ ಸೇರಿಸಿದರು.

ಭೀಮಬಾಯಿ ಕಪ್ಪು ಕೆಳಗಿಟ್ಟಳು. "ಮನಿ ಕಿರಾಯಿದು ಖರೇರಿ. ಮೈ ಮಾತ್ರ ನಂದೇ ಅದ. ಅದನ್ನ ನೆಟ್ಟಗ ಇಟ್ಕೊಳ್ಳಾಕ ಒಂದೀಟು ಜಾಗ ಕೇಳಾಕತ್ತೀನಿ. ಕಸ ನಾ ಹೊಡೀತೀನಿ, ಕೀಲಿ ನಾ ಹಾಕ್ತೀನಿ."

ದತ್ತಪ್ಪನವರು ಆಕೆಯ ಕಾಲು ನೋಡಿದರು. ನಡೆದು ಬಂದಿರಾ ಎಂದು ಕೇಳಿದರು. ಹೌದೆಂದಾಗ ಎದ್ದುಹೋಗಿ ಕೀಲಿ ತಂದು ಆಕೆಯ ಕೈಗೇ ಕೊಟ್ಟರು. ಮುಂಜಾನೆ ಎರಡು ತಾಸು, ಸಂಜೆ ಎರಡು ತಾಸು ಎಂದು ಕರಾರಾಯಿತು.

ಮೊದಲ ದಿನ ಮಾಳಿಗೆಯ ಮೇಲೆ ಭೀಮಬಾಯಿ, ಮಲಂಗಸಾಬರು ಇಬ್ಬರೇ. ಸಂಕ್ರಾಂತಿಯ ಹೊತ್ತಿಗೆ ಹದಿನಾಲ್ಕು ಜನ. ಎಷ್ಟೋ ಮನೆಯವರ ಹೆಸರೂ ಗೊತ್ತಿಲ್ಲದೆ ಮೂರು ವರ್ಷ ಒಂದೇ ಮೆಟ್ಟಿಲು ಹತ್ತಿಳಿದಿದ್ದ ನಾವು ಗೋಡೆಯಿಂದ ಗೋಡೆಗೆ ಸುತ್ತು ಹಾಕುತ್ತ ಮಾತಾಡಿಕೊಂಡೆವು. ಮಲಂಗಸಾಬರ ಸಕ್ಕರೆ ಹತೋಟಿಗೆ ಬಂತು. ಭೀಮಬಾಯಿಯದು ಅವರಿಗಿಂತ ಮುಂಚೆ ಬಂತು ಎಂಬುದನ್ನು ಆಕೆ ಅವರಿಗೆ ಆಗಾಗ ನೆನಪಿಸುತ್ತಿದ್ದಳು.

ಮಾರ್ಚಿನಲ್ಲಿ ಆಕೆ ಹೊಸ ಮಾತು ತೆಗೆದಳು. ಈ ಸಲ ಜಯಂತಿಗೆ ಕಮಲಾಪುರಕ್ಕೆ ಹೋಗುತ್ತೇನೆ, ಬಸ್ಸಿನಲ್ಲಿ ಹೋಗುತ್ತೇನೆ, ಮೆರವಣಿಗೆಯಲ್ಲಿ ನಡೆಯುತ್ತೇನೆ. ಪಂಚಶೀಲಾ ಕಾರು ಮಾಡೋಣ ಎಂದಳು. ಕಾರಿನಿಂದ ಇಳಿದರೆ ಊರವರು ತನ್ನನ್ನು ರೋಗಿ ಅಂದಾರು ಎಂದು ಭೀಮಬಾಯಿ ಒಪ್ಪಲಿಲ್ಲ. ತೊಡಕಾಗಿದ್ದು ಬಸ್ಸಿನ ಮೊದಲ ಪಾವಟಿಗೆ. ಅದು ನಮ್ಮ ಮೆಟ್ಟಿಲಿಗಿಂತ ಎರಡು ಪಟ್ಟು ಎತ್ತರ. ಮೂವತ್ತು ವರ್ಷ ಬಸ್ ಹತ್ತಿಳಿದ ಮಲಂಗಸಾಬರಿಗೆ ಆ ಎತ್ತರ ಮೊಳಕಾಲಿನಲ್ಲೇ ನೆನಪಿತ್ತು. ಮಾಳಿಗೆಯ ಮೂಲೆಯಲ್ಲಿ ಇಟ್ಟಿಗೆ ಪೇರಿಸಿ, ಮೇಲೆ ಹಲಗೆಯಿಟ್ಟು, ಪಕ್ಕದ ನೀರಿನ ಪೈಪನ್ನೇ ಹಿಡಿಕೆ ಮಾಡಿದರು. ಒಂದು ತಿಂಗಳು ಭೀಮಬಾಯಿ ಆ ಬಸ್ಸನ್ನು ದಿನಕ್ಕೆ ಹತ್ತು ಸಲ ಹತ್ತಿದಳು, ಹತ್ತು ಸಲ ಇಳಿದಳು.

ಏಪ್ರಿಲ್ ಹದಿನಾಲ್ಕರಂದು ಆಕೆ ಬಿಳಿ ಸೀರೆ ಉಟ್ಟಿದ್ದಳು. ತಾಯಿ ಮಗಳ ಜೊತೆ ನಾನೂ ಹೊರಟೆ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೈ ಚಾಚುವಷ್ಟರಲ್ಲಿ ಆಕೆ ಗಟ್ಟಿ ಕಾಲು ಮೇಲಿಟ್ಟು, ಸರಳು ಹಿಡಿದು, ಒಳಗೆ ಹೋಗಿ ಕಿಟಕಿ ಪಕ್ಕ ಕೂತಾಗಿತ್ತು.

ಕಮಲಾಪುರದಲ್ಲಿ ಆಕೆಯ ತೋಟದ ಗೆಳತಿ ಕಾವೇರಿ ನಾಲ್ಕಾರು ಜನರೊಂದಿಗೆ ಕಾಯುತ್ತಿದ್ದಳು. ಅವರ ಹತ್ತಿರ ಒಂದು ಕುರ್ಚಿ ಇತ್ತು. ಯಾರಿಗಿದು ಎಂದು ಭೀಮಬಾಯಿ ಕೇಳಿದಳು. ಯಾರೋ ಅದನ್ನು ಮೆಲ್ಲಗೆ ಪಕ್ಕದ ಚಹಾದಂಗಡಿಗೆ ಸೇರಿಸಿದರು.

ಬಿಸಿಲಿಳಿದ ಮೇಲೆ ಮೆರವಣಿಗೆಯ ಹಲಗೆ ವಾದ್ಯದ ಸದ್ದಾಯಿತು. ನೀಲಿ ಬಾವುಟಗಳ ನಡುವೆ, ಹೆಣ್ಣುಮಕ್ಕಳ ಮುಂದಿನ ಸಾಲಿನಲ್ಲಿ ಭೀಮಬಾಯಿ ನಡೆದಳು. ಕೈಯಲ್ಲಿ ಕೋಲಿಲ್ಲ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಅಷ್ಟೇ. ಬಾಬಾಸಾಹೇಬರ ಮೂರ್ತಿಯ ಹತ್ತಿರ ಬಂದು, ಕಟ್ಟೆ ಹತ್ತಿ, ಮಾಲೆಯ ತುದಿ ಮುಟ್ಟಿ ಕೈಮುಗಿದಳು. ಇಳಿದು ಬಂದವಳ ಮುಖ ನಡೆದ ಕಾವಿಗೆ ಕೆಂಪಗಾಗಿತ್ತು, ಕಣ್ಣು ಮಾತ್ರ ಹುಡುಗಿಯದು. ಹಲಗೆಯವರು ಮತ್ತೆ ಬಡಿಯತೊಡಗಿದರು. ಆಕೆ ಸೆರಗು ಸಿಕ್ಕಿಸಿ ಇನ್ನೂ ಬೀಸಾಗಿ ಹೆಜ್ಜೆ ಹಾಕಿದಳು.

ಎರಡು ವರ್ಷ ಚಿಕ್ಕವಳಾದ ಕಾವೇರಿ ಏದುಸಿರು ಬಿಡುತ್ತ ಹಿಂದಿನಿಂದ ಕೂಗಿದಳು: "ಅಕ್ಕಾ, ಸಾವಕಾಶ ನಡಿಯಬೇ, ನನಗ ಆಗವಲ್ದು."