ಹುಷಾರಪ್ಪನವರು ಕಾಫಿ ಮೆಷಿನ್ ಆರಿಸಿದ್ದು

ಹುಷಾರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮೆಟ್ಟಿಲು ಹತ್ತುವವರಿಗೆ, ಇಳಿಯುವವರಿಗೆ, ಬಿಸಿ ಲೋಟ ಹಿಡಿದವರಿಗೆ, ಕೊನೆಗೆ ಸುಮ್ಮನೆ ನಿಂತವರಿಗೂ ಅವರು “ಹುಷಾರಪ್ಪಾ” ಎನ್ನುತ್ತಿದ್ದರು. ಮಾಡಿದ ಕೆಲಸವೂ ಅಂಥದ್ದೇ. ನಿವೃತ್ತರಾಗುವವರೆಗೆ ಅವರು ಲಿಫ್ಟ್ ಇನ್‌ಸ್ಪೆಕ್ಟರ್. ದೊಡ್ಡ ಕಟ್ಟಡಗಳ ಲಿಫ್ಟಿನ ಹಗ್ಗ, ಬ್ರೇಕು, ಬಾಗಿಲು ಎಲ್ಲ ಪರೀಕ್ಷಿಸಿ, ‘ಸುರಕ್ಷಿತ’ ಎಂದು ಸಹಿ ಹಾಕಿ, ಆಮೇಲೆ ಮೆಟ್ಟಿಲಿಳಿದು ಬರುತ್ತಿದ್ದರು. “ಯಾಕೆ ಸಾರ್, ಲಿಫ್ಟಲ್ಲೇ ಬರಬಹುದಿತ್ತಲ್ಲ?” ಎಂದು ಯಾರಾದರೂ ಕೇಳಿದರೆ, “ಸಹಿ ಹಾಕೋದು ನನ್ನ ಕೆಲಸ. ನಂಬೋದು ನಿಮ್ಮ ಕೆಲಸ” ಎಂದು ಗಂಭೀರವಾಗಿ ಹೇಳುತ್ತಿದ್ದರು.

ಹೆಂಡತಿ ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿಗೆ ಬಟ್ಟೆ ಹೊಲಿಸಲು ಬರುವವರಿಗಿಂತ ಮನಸ್ಸು ಬಿಚ್ಚಲು ಬರುವವರೇ ಹೆಚ್ಚು. ಅಳತೆ ಕೊಡಲು ಕೈ ಎತ್ತಿ ನಿಂತ ಹೆಂಗಸು ತನ್ನ ಅತ್ತೆಯ ಪುರಾಣ ಮುಗಿಯುವವರೆಗೆ ಕೈ ಇಳಿಸುತ್ತಿರಲಿಲ್ಲ. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿ ಮುಚ್ಚಿದ ದಿನ ಟೈಲರಮ್ಮ ಬಾಯನ್ನೂ ಮುಚ್ಚಿದರು. ಬಡಿಸುವಾಗ “ಇನ್ನಷ್ಟು?” ಎನ್ನುವುದು ಬಿಟ್ಟರೆ ಇಡೀ ದಿನ ಮಾತಿಲ್ಲ. ಹುಷಾರಪ್ಪನವರಿಗೆ ಜೀವಮಾನದಲ್ಲಿ ಅಷ್ಟು ಹೆದರಿಕೆಯಾಗಿರಲಿಲ್ಲ. ಹಗ್ಗ ಸವೆಯುತ್ತಿದ್ದರೆ ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಇಲ್ಲಿ ಸದ್ದೇ ಇಲ್ಲ.

ಮಹಡಿಯ ಎರಡು ಕೋಣೆಗಳನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡೋಣ ಎಂದವನು ಬಾಮೈದ, ಅಂದರೆ ಟೈಲರಮ್ಮನ ತಮ್ಮ. ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದವನೂ ಅವನೇ. ಜನ ಬರತೊಡಗಿದರು. ಮಹಡಿಯಲ್ಲಿ ಒಲೆ ಇಡಲು ಹುಷಾರಪ್ಪನವರು ಸುತರಾಂ ಒಪ್ಪದ ಕಾರಣ, ಬೆಳಿಗ್ಗೆ ಕಾಫಿ ಬೇಕಾದವರು ಕೆಳಗಿಳಿದು ಬರುತ್ತಿದ್ದರು. ಟೈಲರಮ್ಮ ಕಾಫಿ ಕೊಟ್ಟು ಕೂರಿಸಿಕೊಳ್ಳುತ್ತಿದ್ದರು. ಒಂದೆರಡು ತಿಂಗಳಲ್ಲಿ ಗಂಡನಿಗೆ “ನಿಮಗೇನು ಕಿವಿ ಕೇಳಿಸಲ್ವಾ?” ಎಂದು ಬೈಯುವಷ್ಟು ಚೇತರಿಸಿಕೊಂಡರು. ಬೈಸಿಕೊಂಡ ಹುಷಾರಪ್ಪನವರು ಪಕ್ಕದ ಮನೆಯವರನ್ನು ಕರೆದು ಹೇಳಿಕೊಂಡರಂತೆ.

ಅಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಇಂಟರ್ನೆಟ್ಟಿನಲ್ಲಿ ಐದಕ್ಕೆ ಮೂರೇ ನಕ್ಷತ್ರ ಕೊಟ್ಟು ಬರೆದ: ‘ಮನೆ ಚೆನ್ನಾಗಿದೆ. ಆದರೆ ಎದ್ದ ಕೂಡಲೇ ಒಂದು ಲೋಟ ಕಾಫಿಗೆ ಇನ್ನೊಬ್ಬರ ಅಡುಗೆಮನೆ ಬಾಗಿಲು ತಟ್ಟಬೇಕು.’

“ಭಾವ, ಇಂಥದ್ದು ಇನ್ನೊಂದು ಬಿದ್ರೆ ನಮ್ಮನೆ ಪಟ್ಟಿಯ ತಳಕ್ಕೆ ಹೋಗತ್ತೆ,” ಎಂದ ಬಾಮೈದ. “ಫೋನಲ್ಲಿ ಅಲ್ಲಿವರೆಗೆ ಯಾರೂ ಬೆರಳು ಎಳೆಯಲ್ಲ.”

ಜನ ಬರುವುದು ನಿಂತರೆ ಮತ್ತೆ ಆ “ಇನ್ನಷ್ಟು?” ಹುಷಾರಪ್ಪನವರು ಬಾಮೈದನನ್ನು ಎಳೆದುಕೊಂಡು ಅಂಗಡಿಗೆ ಹೊರಟರು. ಮಹಡಿಗೆ ಒಂದು ಕಾಫಿ ಮೆಷಿನ್ ತಕ್ಷಣ ಬೇಕು. ಆದರೆ ಸಿಡಿಯಬಾರದು, ಸುಡಬಾರದು, ಸೋರಬಾರದು, ಯಾವ ಪೆದ್ದನ ಕೈಯಲ್ಲೂ ಕೆಡಬಾರದು.

ಅಂಗಡಿಯವನು ಮೊದಲು ತೋರಿಸಿದ್ದು ಆವಿಯ ಒತ್ತಡದಲ್ಲಿ ಕಾಫಿ ಇಳಿಸುವ ಮೆಷಿನ್. ಹುಷಾರಪ್ಪನವರು ಅದನ್ನು ತಿರುಗಿಸಿ, ಮಗುಚಿ, ಕನ್ನಡಕ ಹಣೆಗೇರಿಸಿ ಕೇಳಿದರು: “ಒಂದು ಕಡೆ ಕಟ್ಟಿಕೊಂಡ್ರೆ ಆವಿ ಹೊರಗೆ ಹೋಗೋಕೆ ಎರಡನೇ ದಾರಿ ಎಲ್ಲಿದೆ?”

“ಸಾರ್, ಇದು ಕಾಫಿ ಮೆಷಿನ್ನು. ಸಿನಿಮಾ ಥಿಯೇಟರ್ ಅಲ್ಲ.”

ಗಾಜಿನ ಜಗ್ಗಿನದು ಬೇಡವೆನ್ನಲು ಕಾರಣ ಹುಡುಕಬೇಕಾಗಲಿಲ್ಲ. ಬಾಮೈದ ಎತ್ತಿ ನೋಡುತ್ತಿದ್ದಂತೆ ಹಿಡಿ ಅವನ ಕೈಯಲ್ಲಿ, ಜಗ್ಗು ನೆಲದಲ್ಲಿ. ಪುಟ್ಟ ಡಬ್ಬಿಗಳಲ್ಲಿ ಪುಡಿ ಬರುವ ಮೆಷಿನ್ನೂ ನಪಾಸಾಯಿತು. ಅಂಗಡಿಗಳಿಗೆ ರಜೆಯಿದ್ದ ದಿನವೇ ಡಬ್ಬಿ ಮುಗಿದರೆ? ಮೂರನೇ ಸಲ ಹೋದಾಗ ಅಂಗಡಿಯವನು ದೂರದಿಂದಲೇ ಇವರನ್ನು ಕಂಡು, “ಗೋಡೌನ್ ನೋಡ್ಕೊಂಡು ಬರ್ತೀನಿ” ಎಂದು ಒಳಗೆ ಹೋದವನು ತಿರುಗಿ ಬರಲಿಲ್ಲ.

ಕೊನೆಗೆ ಒಂದು ಪಾಸಾಯಿತು. ಬೀಜ, ನೀರು, ಹಾಲು ತುಂಬಿಟ್ಟರೆ ಸಾಕು. ಗುಂಡಿ ಒತ್ತಿದರೆ ತಾನೇ ಪುಡಿ ಮಾಡಿ, ಕಾಫಿ ಇಳಿಸಿ, ಹಾಲು ಬೆರೆಸಿ, ತಾನೇ ಆರಿಹೋಗುತ್ತದೆ. ಮನೆಗೆ ತಂದ ಮೇಲೂ ನಂಬಿಕೆ ಬಾರದೆ, ಬಾಮೈದನನ್ನು ಮೆಷಿನ್ ಮುಂದೆ ನಿಲ್ಲಿಸಿದರು.

“ಏನು ಬೇಕಾದ್ರೂ ಮಾಡು. ನಿನ್ನ ಕೈಲಿ ಹಾಳಾಗದ್ದು ಪ್ರಪಂಚದಲ್ಲಿ ಯಾರ ಕೈಲೂ ಹಾಳಾಗಲ್ಲ.”

“ಇದು ಹೊಗಳಿಕೆನಾ ಭಾವ?”

“ಸರ್ಟಿಫಿಕೇಟು.”

ಬಾಮೈದ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿದ, ಲೋಟವಿಡದೆ ಒತ್ತಿದ, ನೀರಿಲ್ಲದೆ ಒತ್ತಿದ. ಮೆಷಿನ್ ಒಮ್ಮೆ ಕೆಂಪು ದೀಪ ಮಿನುಗಿಸಿ ಸುಮ್ಮನಾಯಿತು. ಅವನ ಅಕ್ಕನಿಗೂ ಇಷ್ಟು ತಾಳ್ಮೆ ಇರಲಿಲ್ಲ.

ಮುಂದಿನ ಅತಿಥಿಗಳು ಐದು ನಕ್ಷತ್ರ ಕೊಟ್ಟರು: ‘ಯಾರ ಹತ್ತಿರವೂ ಏನೂ ಕೇಳಬೇಕಾಗಲಿಲ್ಲ.’ ಅದರ ಮುಂದಿನವರೂ ಐದು. ಕೋಣೆಗಳು ಖಾಲಿ ಉಳಿಯುವುದೇ ನಿಂತುಹೋಯಿತು. ಹುಷಾರಪ್ಪನವರು ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಯಂತ್ರ ಆರಿಸುವ ಶಾಸ್ತ್ರ ಬೋಧಿಸತೊಡಗಿದರು. ಬಸ್ಸು ತಪ್ಪಿಸಿಕೊಂಡವರೂ ಉಂಟು.

ಮನೆಯೊಳಗೆ ಮಾತ್ರ ಏನೋ ಸರಿಯಿರಲಿಲ್ಲ. ಟೈಲರಮ್ಮ ಬೆಳಿಗ್ಗೆ ಅಭ್ಯಾಸಬಲದಿಂದ ನಾಲ್ಕು ಲೋಟ ತೆಗೆದಿಡುವರು. ಮೇಲೆ ಮೆಷಿನ್ ಗರಗರ ಎನ್ನುವುದನ್ನು ಕೇಳುತ್ತ ನಿಲ್ಲುವರು. ಆಮೇಲೆ ಎರಡು ಲೋಟ ಒಳಗಿಡುವರು. ಮಾತು ದಿನದಿನಕ್ಕೆ ಕಡಿಮೆಯಾಯಿತು. ಹುಷಾರಪ್ಪನವರು ಕಂಗಾಲಾಗಿ ಡಾಕ್ಟರ ಹತ್ತಿರ ಹೋಗೋಣವೇ ಎಂದರು.

“ಮೇಲಿರೋರು ಯಾರು, ಗೊತ್ತಾ ನಿಮಗೆ?” ಎಂದು ಟೈಲರಮ್ಮ ಕೇಳಿದರು.

“ಗಂಡ ಹೆಂಡತಿ. ಎರಡು ಬ್ಯಾಗು.”

“ನನಗೂ ಅಷ್ಟೇ ಗೊತ್ತು.”

ಹುಷಾರಪ್ಪನವರು ಎರಡೂ ಕಡೆ ತೂಗಿ ನೋಡಿದರು. ಮೆಷಿನ್ ತೆಗೆದರೆ ನಕ್ಷತ್ರ ಹೋಗುತ್ತದೆ, ಜನ ಬರುವುದಿಲ್ಲ. ಇಟ್ಟರೆ ಬಂದ ಜನ ಕೆಳಗಿಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಮಧ್ಯಾಹ್ನ ಅತಿಥಿಗಳು ಹೊರಗೆ ಹೋಗಿದ್ದಾಗ, ಕೋಣೆ ಗುಡಿಸುವ ನೆಪದಲ್ಲಿ ಮೇಲೆ ಹೋದರು. ಮೆಷಿನ್ ಮುಂದೆ ಬಹಳ ಹೊತ್ತು ನಿಂತರು. ಇಷ್ಟು ವರ್ಷ ಯಂತ್ರ ಎಲ್ಲಿ ಕೆಡಬಾರದು ಎಂದು ನೋಡಿದ ಕಣ್ಣು, ಈಗ ಎಲ್ಲಿ ಕೆಟ್ಟರೆ ಒಳ್ಳೆಯದು ಎಂದು ಹುಡುಕುತ್ತಿತ್ತು. ಕಡೆಗೆ ಹಾಲಿನ ಡಬ್ಬಿಯನ್ನು ಕಳಚಿಕೊಂಡು, ‘ತಾಜಾ ಹಾಲು ಕೆಳಗಿನ ಮನೆಯಲ್ಲಿ ಸಿಗುತ್ತದೆ’ ಎಂದು ಒಂದು ಚೀಟಿ ಅಂಟಿಸಿ, ಕಳ್ಳನ ಹಾಗೆ ಇಳಿದು ಬಂದರು.

ಮರುದಿನ ಬೆಳಿಗ್ಗೆ ಪೇಪರ್ ಹಿಡಿದು ಕೂತರೂ ಒಂದಕ್ಷರ ತಲೆಗೆ ಹೋಗಲಿಲ್ಲ. ಮೇಲೆ ಗರಗರ ಶುರುವಾಯಿತು, ನಿಂತಿತು. ಯಾರೂ ಇಳಿಯಲಿಲ್ಲ. ಹಾಲಿಲ್ಲದೆಯೇ ಕುಡಿದುಬಿಟ್ಟರೇ? ಸಿಟ್ಟಿನಲ್ಲಿ ಈಗಲೇ ಫೋನಿನಲ್ಲಿ ಬರೆಯುತ್ತಿದ್ದಾರೆಯೇ?

ಆಗ ಮೇಲಿನ ಹುಡುಗಿ ಕೆದರಿದ ಕೂದಲಲ್ಲಿ, ಕೈಯಲ್ಲಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಳು. “ಆಂಟಿ, ಸ್ವಲ್ಪ ಹಾಲು...”

“ಬಾರಮ್ಮ ಬಾ. ತಣ್ಣಗಿದೆ, ಬಿಸಿ ಮಾಡ್ತೀನಿ ಕೂತ್ಕೋ. ಈ ರವಿಕೆ ಯಾರು ಹೊಲಿದಿದ್ದು? ತೋಳು ಎಳೀತಿದೆಯಲ್ಲೇ! ಕೈ ಎತ್ತು, ನೋಡೋಣ.”

ಹುಡುಗಿ ಕೈ ಎತ್ತಿದಳು. ಅವಳನ್ನು ಹುಡುಕಿಕೊಂಡು ಬಂದ ಗಂಡನಿಗೂ ಒಂದು ಕುರ್ಚಿ ಸಿಕ್ಕಿತು. ಹುಷಾರಪ್ಪನವರ ಕಾಫಿಯ ನೆನಪು ಯಾರಿಗೂ ಆಗಲಿಲ್ಲ.

ಅವರು ಹೊರಟುಹೋದ ಮೇಲೆ ಬಾಮೈದ ಫೋನು ಹಿಡಿದು ಓಡಿ ಬಂದ. “ಭಾವ, ಒಂದು ನಕ್ಷತ್ರ ಹೋಯ್ತು! ‘ಒಳ್ಳೆಯ ಮನೆ. ಆದರೆ ಹಾಲು ತರಲು ಕೆಳಗೆ ಹೋದರೆ ಎರಡು ಗಂಟೆ ಬೇಕು’ ಅಂತ ಬರೆದಿದ್ದಾರೆ!”

ಹುಷಾರಪ್ಪನವರು ಹಾಲಿನ ಡಬ್ಬಿ ಎಲ್ಲಿಟ್ಟೆ ಎಂದು ತಡಬಡಿಸಿ ಎದ್ದರು.

“ಅದನ್ನ ಮೇಲೆ ತಗೊಂಡು ಹೋದ್ರೆ ನೋಡಿ!” ಒಳಗಿನಿಂದ ಟೈಲರಮ್ಮನ ದನಿ ಕೇಳಿಸಿತು. “ಏನು ಸುಳ್ಳು ಬರೀತಾಳೆ ಆ ಹುಡುಗಿ! ಒಂದೂವರೆ ಗಂಟೆನೂ ಆಗಿರಲಿಲ್ಲ. ಅವಳ ನಾದಿನಿ ವಿಷಯ ಅರ್ಧಕ್ಕೇ ನಿಂತಿದೆ.”