ನಡೆಯಲು ಹೊರಟ ಟೀಚರು

ಹೈಸ್ಕೂಲು ಮಕ್ಕಳಿಗೆ ಈ ಪಾಠವನ್ನು ನಾನು ಬಹಳ ಹುರುಪಿನಿಂದ ಮಾಡುತ್ತೇನೆ. ನಡೆಯುವಾಗ ಕಾಲಿನ ಸ್ನಾಯು ದುಡಿಯುತ್ತದೆ. ಆಗ ಜೀವಕೋಶದೊಳಗೆ ಸಣ್ಣ ಚೀಲಗಳಲ್ಲಿ ಕೂತಿದ್ದ ಪ್ರೋಟೀನುಗಳು ಅಂಚಿಗೆ ಬಂದು ರಕ್ತದ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಇನ್ಸುಲಿನ್ ಬಂದು ಕರೆಯಲೇಬೇಕೆಂದಿಲ್ಲ. ನಡಿಗೆ ನಿಂತ ಮೇಲೂ ಕೆಲವು ತಾಸು ಸ್ನಾಯು ಸಕ್ಕರೆಯನ್ನು ಸುಲಭವಾಗಿ ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಹೇಳುವ ನನಗೇ ಸಕ್ಕರೆ ಕಾಯಿಲೆ ಇದೆ ಎಂದು ಹೇಳಲು ಮಾತ್ರ ನಾಚಿಕೆ. ದಿನವೂ ನಡೆಯದಿದ್ದರೆ ಇನ್ನು ಸೂಜಿಯೇ ಗತಿ ಎಂದು ಸಿಂಧನೂರಿನ ಡಾಕ್ಟರು ಹೇಳಿಬಿಟ್ಟಿದ್ದಾರೆ.

ಆದರೆ ತುರ್ವಿಹಾಳದಲ್ಲಿ ಟೀಚರನ್ನು ನಡೆಯಲು ಯಾರು ಬಿಡುತ್ತಾರೆ? ಕಂಡವರೆಲ್ಲ ಗಾಡಿ ನಿಲ್ಲಿಸುತ್ತಾರೆ. ಒಲ್ಲೆನೆಂದರೆ ಕಾರಣ ಹೇಳಬೇಕು. ಅದಕ್ಕೇ ಹತ್ತಿಬಿಡುತ್ತೇನೆ.

ಮೊನ್ನೆ ಬೆಳಿಗ್ಗೆ ಕಾಲುವೆ ದಾರಿಯಲ್ಲಿ, ಭತ್ತದ ನಾಟಿಗೆ ಹೊರಟ ಹೆಂಗಸರ ಟ್ರ್ಯಾಕ್ಟರ್ ನಿಂತಿತು.

"ಟೀಚರ್ರ, ನಡಕೋತ ಯಾಕ ಹೊಂಟೀರಿ? ಹತ್ರಿ."

"ವಳಕಮದಿನ್ನಿ ಊರಾಗ ಒಬ್ಬ ಹುಡುಗಿಗೆ ಆರಾಮಿಲ್ಲ, ನೋಡಾಕ ಹೊಂಟೀನಿ," ಎಂದು ಸುಳ್ಳು ಹೇಳಿ ಹತ್ತಿದೆ.

ಟ್ರ್ಯಾಲಿ ತುಂಬಿತ್ತು. ವಯಸ್ಸಾದ ಒಬ್ಬ ಹೆಂಗಸು ಗೊಬ್ಬರದ ಚೀಲ ಮಡಚಿ ಹಾಸಿ ಕೂತಿದ್ದ ಜಾಗವನ್ನು ನನಗೆ ಬಿಟ್ಟು ಎದ್ದು ನಿಂತಳು. ಆಕೆಯ ಪಾದಕ್ಕೆ ಬಟ್ಟೆ ಸುತ್ತಿತ್ತು.

"ಕಾಲಿಗೆ ಏನಾಗೇತಿ?" ಎಂದು ಕೇಳಿದೆ.

"ಸಕ್ರಿ ಬ್ಯಾನಿರೀ. ಗಾಯ ಮಾಯವಲ್ದು. ಕಾಲ ಮ್ಯಾಲೆ ಭಾರ ಹಾಕಬ್ಯಾಡ ಅಂದಾರ. ನಿಮಗೇನ್ರಿ, ಗಟ್ಟಿ ಅದೀರಿ."

"ನೀ ಕುಂದರಬೇ," ಎಂದು ನಾನೇ ಏಳಲು ಹೋದೆ. ಆಕೆ ನನ್ನ ಭುಜ ಒತ್ತಿ ಕೂರಿಸಿದಳು. "ಟೀಚರ್ರು ನಿಂತು ನಾ ಕುಂದರಾದೇನ್ರಿ?" ಟ್ರ್ಯಾಲಿ ಎಗರಿದಾಗಲೆಲ್ಲ ಆಕೆ ಹಲ್ಲು ಕಚ್ಚುತ್ತಿದ್ದಳು. ನಾನು ಅಲ್ಲಿರುವವರೆಗೆ ಆಕೆ ಕೂರುವುದಿಲ್ಲವೆಂದು ಖಾತ್ರಿಯಾಯಿತು.

"ಗಾಡಿ ನಿಂದರಸ್ರಿ," ಎಂದೆ. "ನನಗೂ ಸಕ್ರಿ ಐತಿ. ನಡಿಯಾಕಂತ ಮನಿ ಬಿಟ್ಟಾಕಿ ನಾನು. ಹುಡುಗಿಗೆ ಆರಾಮಿಲ್ಲ ಅಂದದ್ದು ಸುಳ್ಳು."

ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಇಳಿಯುವಾಗ ಕೈ ಹಿಡಿದದ್ದೂ ಆ ಹೆಂಗಸೇ. ನಾನು ತಲೆ ತಗ್ಗಿಸಿ ನಡೆಯತೊಡಗಿದೆ. ತುಸು ದೂರ ಹೋದ ಮೇಲೆ ತಿರುಗಿ ನೋಡಿದೆ. ಆಕೆ ಕೂತಿದ್ದಳು.