ಹಾಲು ಕಾಯಿಸುವವಳಿಗೆ ನಾನು ಕೊಟ್ಟ ಮಾತು

ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಭಾಲ್ಕಿಯಲ್ಲಿ ಶಾಲಾ ಮಾಸ್ತರನಾಗಿದ್ದೆ. ಓದಿದ್ದೆಲ್ಲ ಉರ್ದುವಿನಲ್ಲಿ; ಕನ್ನಡ ಅಕ್ಷರ ತಿದ್ದಿದ್ದು ಮೀಸೆ ಬಂದ ಮೇಲೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಊರಿಗೆ ನಾನೇ ಕನ್ನಡ ಪಂಡಿತನಾದೆ. ಈ ವಿಷಯದಲ್ಲಿ ಬೇರೆಯವರಿಗೆ ಸಂಶಯವಿದ್ದಿರಬಹುದು, ನನಗಂತೂ ಇರಲಿಲ್ಲ.

ಆಗ ಬೀದರಿನಲ್ಲಿ ಓಡಿದ ಮೈಸೂರು ಕಡೆಯ ಕನ್ನಡ ಚಿತ್ರವೊಂದು ನಮ್ಮ ತಗಡಿನ ಟಾಕೀಸಿಗೆ ಬಂತು. ಉರ್ದು, ಮರಾಠಿ ಬೆರೆತ ಮಾತಿಗೆ ಪಳಗಿದ ನಮ್ಮ ಮಂದಿಗೆ ಆ ಕನ್ನಡ ತಿಳಿಯದು. ಪರದೆಯ ಪಕ್ಕ ಮೈಕು ಹಿಡಿದು ನಿಂತು, ಆಡಿದ ಮಾತನ್ನೆಲ್ಲ ನಮ್ಮ ಭಾಷೆಯಲ್ಲಿ ತಿಳಿಸುವವನೊಬ್ಬ ಬೇಕಿತ್ತು. ಮಾಲೀಕ ನನ್ನನ್ನು ಕೇಳಿದ. ಮರ್ಯಾದೆಗೆ ಎರಡು ಸಲ ಬೇಡವೆನ್ನಬೇಕೆಂದುಕೊಂಡಿದ್ದೆ, ಒಂದು ಸಲವೂ ಬಾಯಿ ಬರಲಿಲ್ಲ. ಇಲ್ಲಿ ಮುಗಿದ ಮೇಲೆ ಚಿತ್ರ ಔರಾದಕ್ಕೆ ಹೋಗುತ್ತದೆ, ಅಲ್ಲಿಗೂ ನೀವೇ ಬರಬೇಕು ಎಂದ.

ಎರಡನೆಯ ದಿನದ ಮಧ್ಯಾಹ್ನದ ಆಟಕ್ಕೆ ನನ್ನ ಹುಟ್ಟೂರು ಮೆಹಕರದಿಂದ ಅವ್ವನನ್ನು ಕರೆಸಿದೆ. ಊರ ದೊಡ್ಡ ಮನೆಯಲ್ಲಿ ಕಸ ಮುಸುರೆ ಮಾಡಿ ನನ್ನನ್ನು ಓದಿಸಿದವಳು ಆಕೆ. ಮಗನ ದನಿ ಮೈಕಿನಲ್ಲಿ ಕೇಳಿ ಒಮ್ಮೆ ಶಹಬ್ಬಾಸ್ ಎನ್ನಲಿ ಎಂಬುದೊಂದೇ ನನ್ನ ಆಸೆ.

ಚಿತ್ರದ ಕಥೆ ಒಂದು ಬಂಗಲೆಯೊಳಗೇ ನಡೆಯುತ್ತದೆ. ಹೊಸ ಸೊಸೆಯ ಹಾಲಿನಲ್ಲಿ ಯಾರೋ ವಿಷ ಬೆರೆಸುತ್ತಿದ್ದಾರೆ. ಮನೆಯವರೆಲ್ಲ ಬೆಳ್ಳಗೆ, ತಲೆ ಬಾಚಿಕೊಂಡು, ಸೋಫಾದ ಮೇಲೆ ಕುಳಿತವರು. ಮೈಸೂರಿಗೆ ಸೇರಿದೆವು, ಇನ್ನು ಪರದೆಯ ಮೇಲೆ ನಮ್ಮಂಥವರೂ ಬರುತ್ತಾರೆ ಎಂದು ನಾನು ವಾರವಿಡೀ ಭಾಷಣ ಬಿಗಿದಿದ್ದೆ. ಒಬ್ಬಳು ಬಂದಿದ್ದಳು, ಹಾಲು ಕಾಯಿಸುವ ಕೆಲಸದವಳು. ಎಲ್ಲರ ಸಂಶಯವೂ ಅವಳ ಮೇಲೆ. ಅವಳಿಗೆ ಮಾತನ್ನೇ ಬರೆದಿರಲಿಲ್ಲ, ಬರೀ ಅಳು.

ಅಳುವನ್ನು ಏನೆಂದು ವಿವರಿಸುವುದು? ಮೊದಲ ದಿನ ಆ ಜಾಗದಲ್ಲಿ ಮಂದಿ ಆಕಳಿಸಿದ್ದರು. ಇವತ್ತು ನಾನೇ ಮಾತು ಹುಟ್ಟಿಸಿದೆ. “ನಾ ಬಡವಿ ಇದ್ದೇನಿ ಧಣ್ಯಾರ, ನನಗೇನ್ ತಿಳಿತದರಿ,” ಎಂದು ಮೂಗಿನಲ್ಲಿ ರಾಗ ಎಳೆದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನ ಅವಳ ಕೆನ್ನೆಗೆ ಹೊಡೆದಾಗ ಇನ್ನಷ್ಟು ಎಳೆದೆ, ಶಿಳ್ಳೆ ಬಿದ್ದವು. ಆ ರಾಗ ನಮ್ಮವ್ವನದು. ದೊಡ್ಡ ಮನೆಯ ಹಿತ್ತಲ ಬಾಗಿಲಲ್ಲಿ ಅವಳು ಹಾಗೇ ಮಾತಾಡುತ್ತಿದ್ದಳು. ನನಗದು ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆದಿತ್ತು, ಆದರೆ ಮಂದಿ ನಗುವ ರುಚಿ ಹತ್ತಿಬಿಟ್ಟಿತ್ತು.

ವಿಷ ಹಾಕಿದವನು ಗಂಡನ ಅಣ್ಣ ಎಂದು ಕೊನೆಗೆ ಬಯಲಾಗುತ್ತದೆ. ಸೊಸೆ ಬದುಕುತ್ತಾಳೆ, ಮನೆಯವರು ತಬ್ಬಿಕೊಳ್ಳುತ್ತಾರೆ. ಕೆಲಸದವಳು ಎಲ್ಲಿ ಹೋದಳೆಂದು ತೋರಿಸುವುದಿಲ್ಲ.

ಹೆಂಗಸರ ಕಡೆಯ ಬಾಗಿಲಿನಿಂದ ಅವ್ವ ಹೊರಗೆ ಬಂದಳು.

“ನನ್ಹಂಗೇ ಮಾತಾಡಿದಿ,” ಎಂದಳು. ಸಿಟ್ಟಿರಲಿಲ್ಲ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಆಕಿ ವಿಷ ಹಾಕಿಲ್ಲಂತ ನಿನಗ ಮೊದಲೇ ಗೊತ್ತಿತ್ತೇನು?”

“ಗೊತ್ತಿತ್ತವ್ವ. ನಿನ್ನಿನೇ ನೋಡೇನಿ.”

“ಆಕಿಗಿ ಹೊಡೆಯೂ ಮುಂದ ಮೈಕು ನಿನ್ನ ಕೈದಾಗೇ ಇತ್ತಲ್ಲ. ಯಾಕ ಹೇಳಲಿಲ್ಲ?”

“ಮೊದಲೇ ಹೇಳಿದ್ರ ಮಂದಿಗಿ ಮಜಾ ಇರಂಗಿಲ್ಲ.”

“ಆಕಿ ಮಂದ್ಯಾಗ ಬರಂಗಿಲ್ಲೇನು?” ಎಂದು ಕೇಳಿ ಬಸ್ಸು ಹತ್ತಿದಳು.

ಮರುದಿನದ ಆಟದಲ್ಲಿ, ಪರದೆಯ ಮೇಲೆ ಯಜಮಾನ ಕೈ ಎತ್ತಿದ ಕೂಡಲೇ ಮೈಕಿನಲ್ಲಿ ಹೇಳಿಬಿಟ್ಟೆ: “ಈಕಿ ಏನೂ ಮಾಡಿಲ್ರಿ. ವಿಷ ಹಾಕಿದವ ಅಲ್ಲಿ ಸೋಫಾದ ಮ್ಯಾಲ ಕುಂತಾನ ನೋಡ್ರಿ, ಹಿರಿಯಣ್ಣ.” ಟಾಕೀಸಿನಲ್ಲಿ ಗದ್ದಲವೆದ್ದಿತು. ಒಂದು ಚಪ್ಪಲಿ ನನ್ನ ಹೆಗಲಿಗೆ ಬಿತ್ತು. ಮಾಲೀಕ ಓಡಿ ಬಂದು ಮೈಕು ಕಿತ್ತುಕೊಂಡ. “ಮಾಸ್ತರ, ಕಥಿ ಹೇಳ್ರಿ ಅಂದ್ರ ಕಥಿನೇ ಕೊಂದ್ರಲ್ರಿ,” ಎಂದ. ರೀಲಿನ ಪೆಟ್ಟಿಗೆ ನನ್ನನ್ನು ಬಿಟ್ಟು ಔರಾದಕ್ಕೆ ಹೋಯಿತು.

ನಾನು ಹುತಾತ್ಮನ ಮೋರೆ ಹೊತ್ತು ಮೆಹಕರಕ್ಕೆ ಹೋದೆ. ಚಪ್ಪಲಿ ಬಿದ್ದ ಹೆಗಲನ್ನೂ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಪಾತ್ರೆ ತಿಕ್ಕುವ ಕೈ ನಿಲ್ಲಿಸಿ ಪೂರಾ ಕೇಳಿದಳು.

“ನೀ ಹೇಳಿದ ಮ್ಯಾಲ ಆಕಿಗಿ ಹೊಡೆಯೂದು ಬಿಟ್ಟರೇನು?” ಎಂದಳು.